‘ಟರ್ನ್ ಇಟ್ ಆಫ್’ ಸರಿ, ‘ಲುಕ್ ಇಟ್ ಇಂಟು’ ಯಾಕೆ ತಪ್ಪು?

ತೆಂಗಿನಗರಿ:

ಎಲ್ಲರಿಗೂ ನಮಸ್ಕಾರ. ಇಂಗ್ಲಿಷ್ ವಿಷಯಕ್ಕೆ ಒಂದು ಪ್ರಶ್ನೆ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳದೆ ಓದಿ.

ನಾನು ತಿಪಟೂರು ಕಡೆಯವನು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಈಗ ಬೆಂಗಳೂರಲ್ಲಿ ಒಂದು ಕಂಪನಿಯ ಕಸ್ಟಮರ್ ಕೇರ್‌ನಲ್ಲಿದ್ದೇನೆ. ಫೋನ್ ಅಲ್ಲ, ಚಾಟ್. ವಾಷಿಂಗ್ ಮೆಷೀನು, ಮಿಕ್ಸಿ, ವಾಟರ್ ಫಿಲ್ಟರ್ ಕೆಟ್ಟಿದೆ ಅಂತ ಜನ ಟೈಪ್ ಮಾಡುತ್ತಾರೆ, ನಾವು ಕೂತು ಉತ್ತರ ಟೈಪ್ ಮಾಡಬೇಕು. ಒಂದೇ ಸಲಕ್ಕೆ ಮೂರು ಚಾಟ್ ತೆರೆದಿರುತ್ತವೆ. ವಾರಕ್ಕೊಮ್ಮೆ ಕ್ವಾಲಿಟಿಯವರು ನಮ್ಮ ಐದು ಚಾಟ್ ಎತ್ತಿಕೊಂಡು ಓದುತ್ತಾರೆ. ತಪ್ಪಿದ್ದ ಕಡೆ ಕೆಂಪು ಹಚ್ಚಿ ಮಾರ್ಕ್ಸ್ ಕಳೆಯುತ್ತಾರೆ. ಸ್ಕೋರ್ ಇಳಿದರೆ ಆ ತಿಂಗಳ ಇನ್ಸೆಂಟಿವ್ ಹೋಯಿತು ಅಂತಲೇ ಲೆಕ್ಕ.

ಸೇರಿದ ಹೊಸದರಲ್ಲಿ ಒಬ್ಬರಿಗೆ ‘ಪ್ಲೀಸ್ ಟರ್ನ್ ಆಫ್ ಇಟ್’ ಅಂತ ಬರೆದೆ. ಕೆಂಪು. ‘ಟರ್ನ್ ಇಟ್ ಆಫ್’ ಅನ್ನಬೇಕಂತೆ. ಸರಿ, ಡೈರಿಯಲ್ಲಿ ಬರೆದುಕೊಂಡೆ: ‘ಇಟ್ ಬಂದರೆ ನಡುವೆ ತುರುಕು’. ಪ್ಲಗ್ ಇಟ್ ಇನ್, ಫಿಲ್ ಇಟ್ ಔಟ್, ಟೇಕ್ ಇಟ್ ಔಟ್. ಎರಡು ವಾರ ರಾಜನ ಹಾಗಿದ್ದೆ. ಆಮೇಲೆ ಒಂದು ದಿನ ಡ್ರೈಯರ್ ಸುಟ್ಟ ವಾಸನೆ ಬರುತ್ತಿದೆ ಅಂದ ಒಬ್ಬ ಹೆಂಗಸಿಗೆ ‘ಐ ವಿಲ್ ಲುಕ್ ಇಟ್ ಇಂಟು’ ಅಂತ ಕಳಿಸಿದೆ. ಮತ್ತೆ ಕೆಂಪು! ಪಕ್ಕದ ಸೀಟಿನವನು ಇಡೀ ಶಿಫ್ಟು ನಕ್ಕ. ನನಗೆ ಮಾತ್ರ ನಗು ಬರಲಿಲ್ಲ. ನೀವೇ ಕೊಟ್ಟ ರೂಲ್ ಪಾಲಿಸಿದ್ದಕ್ಕೆ ನೀವೇ ಮಾರ್ಕ್ಸ್ ಕಳೆದರೆ ಹೇಗೆ? ಕ್ವಾಲಿಟಿಯವರನ್ನು ಕೇಳಿದರೆ ‘ಅದು ಹಾಗೇ ಬರೋದು, ಓದ್ತಾ ಓದ್ತಾ ಗೊತ್ತಾಗುತ್ತೆ’ ಅಂದರು. ಅಷ್ಟೇ.

ಇದರ ಜೊತೆಗೆ ಇನ್ನೊಂದು ಗಂಟು. ‘ಟೆಲ್ ಮಿ ದಿ ಪ್ರಾಬ್ಲಂ’ ಸರಿಯಂತೆ. ‘ಎಕ್ಸ್‌ಪ್ಲೇನ್ ಮಿ ದಿ ಪ್ರಾಬ್ಲಂ’ ತಪ್ಪಂತೆ, ನಡುವೆ ‘ಟು’ ಬೇಕಂತೆ, ಅದೂ ‘ಪ್ರಾಬ್ಲಂ’ ಆದಮೇಲೆ. ಹಾಗಾದರೆ ‘ಟು’ ಹಾಕಿದರೆ ಕ್ಷೇಮ ಅಂದುಕೊಂಡು ‘ಟೆಲ್ ಟು ಮಿ’ ಅಂತ ಬರೆದೆ. ಅದಕ್ಕೂ ಕತ್ತರಿ.

ನಮ್ಮ ಭಾಷೆಯಲ್ಲಿ ‘ಬಿಲ್ಲನ್ನು ನನಗೆ ಕಳಿಸಿ’, ‘ನನಗೆ ಬಿಲ್ಲನ್ನು ಕಳಿಸಿ’, ‘ಕಳಿಸಿ ನನಗೆ ಆ ಬಿಲ್ಲನ್ನು’, ಹೇಗೆ ಹೇಳಿದರೂ ಬಿಲ್ಲು ಬರುತ್ತೆ ಅಲ್ವಾ? ಇವರದ್ದು ಯಾಕೆ ಹೀಗೆ?

ದಯವಿಟ್ಟು ಲಿಸ್ಟ್ ಬಾಯಿಪಾಠ ಮಾಡು ಅನ್ನಬೇಡಿ. ನಾಲ್ಕು ಪುಟದ ಲಿಸ್ಟ್ ನನ್ನ ಹತ್ತಿರ ಈಗಲೇ ಇದೆ. ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಮೊದಲನೆಯದು ಮರೆತಿರುತ್ತೆ.

—

ಖಾರಮಂಡಕ್ಕಿ:

ಗುರು, ‘ಕೈಂಡ್ಲಿ ಸ್ವಿಚ್ ಆಫ್ ಮಾಡಿ’ ಅಂತ ಬರೆದುಬಿಡು. ಬೆಂಗಳೂರಲ್ಲಿ ಎಲ್ಲರಿಗೂ ಅರ್ಥವಾಗುತ್ತೆ.

ತಮಾಷೆ ಬಿಟ್ಟು ಒಂದು ಮಾತು. ನಾವು ಮನೆಯಲ್ಲಿ ‘ಲೈಟ್ ಆಫ್ ಮಾಡು’ ಅಂತೀವಲ್ಲ, ಅದರಲ್ಲಿ ಲೈಟ್ ಮೊದಲು, ಆಫ್ ಆಮೇಲೆ. ‘ಅದನ್ನ ಆಫ್ ಮಾಡು’. ಅಂದರೆ ‘ಇಟ್’ ಮೊದಲು, ‘ಆಫ್’ ಆಮೇಲೆ. ‘ಟರ್ನ್ ಇಟ್ ಆಫ್’ನಲ್ಲೂ ಅದೇ ಸಾಲು. ಹುಟ್ಟಿದಾಗಿಂದ ಸರಿಯಾಗೇ ಹೇಳ್ತಾ ಇದ್ದೀವಿ, ಕಂಪನಿಗೆ ಸೇರಿದ ಮೇಲೆ ಕೆಟ್ಟಿದ್ದು.

—

ಸಾಗರದ ಮೇಷ್ಟ್ರು:

ಖಾರಮಂಡಕ್ಕಿಯವರು ಸುಮ್ನೆ ಹೇಳಿದ್ದರಲ್ಲೂ ಒಂದು ಹಿಡಿ ಸತ್ಯ ಇದೆ ಮಾರಾಯ್ರೇ. ಅಲ್ಲಿಗೆ ಆಮೇಲೆ ಬರುತ್ತೇನೆ.

ನಾನು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತನಾದವನು. ನಾನೂ ಕನ್ನಡ ಮೀಡಿಯಮ್ಮೇ. ನೀವು ಮಾಡಿದ ‘ಲುಕ್ ಇಟ್ ಇಂಟು’ ತಪ್ಪನ್ನು ದಡ್ಡರು ಮಾಡುವುದಿಲ್ಲ, ರೂಲನ್ನು ಮನಸ್ಸಿಟ್ಟು ಕಲಿತವರು ಮಾಡುತ್ತಾರೆ. ನಿಮಗೆ ಕೊಟ್ಟ ರೂಲೇ ಅರ್ಧ. ಅವರ ಡೈರಿಯಲ್ಲೂ ಅರ್ಧವೇ ಇರಬೇಕು.

‘ಆಫ್’, ‘ಇಂಟು’ ಎರಡೂ ಚಿಕ್ಕ ಪದ, ಎರಡೂ ಕ್ರಿಯಾಪದದ ಬೆನ್ನಿಗೇ ನಿಂತಿವೆ. ಅದಕ್ಕೇ ಒಂದೇ ಜಾತಿ ಅಂತ ಕಾಣುತ್ತವೆ. ಆದರೆ ‘ಇಂಟು’ ಕಟ್ಟಿಕೊಂಡಿರುವುದು ಮುಂದಿನ ಹೆಸರಿಗೆ. ‘ಇಂಟು ಇಟ್’ ಅಂದರೆ ‘ಅದರ ಒಳಗೆ’. ನಮ್ಮಲ್ಲಿ ‘ಒಳಗೆ’, ‘ಮೇಲೆ’, ‘ಇಂದ’ ಹೆಸರಿನ ಹಿಂದೆ ಬರುತ್ತವೆ, ಅವರಲ್ಲಿ ಮುಂದೆ. ಅಷ್ಟೇ ವ್ಯತ್ಯಾಸ. ನೀವು ‘ಲುಕ್ ಇಟ್ ಇಂಟು’ ಅಂದಾಗ ಇಂಗ್ಲಿಷಿನವರ ಕಿವಿಗೆ ಹೇಗೆ ಕೇಳುತ್ತದೆ ಗೊತ್ತಾ? ‘ಒಳಗೆ ಅದರ ನೋಡುತ್ತೇನೆ’ ಅಂದ ಹಾಗೆ. ಗಂಡ ಹೆಂಡತಿಯನ್ನು ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕೂರಿಸಿದ ಹಾಗೆ.

‘ಆಫ್’ ಹಾಗಲ್ಲ. ಅದು ‘ಟರ್ನ್’ನ ಮನೆಯದು, ‘ಇಟ್’ಗೂ ಅದಕ್ಕೂ ನೆಂಟಸ್ತಿಕೆ ಇಲ್ಲ. ಕನ್ನಡದಲ್ಲಿ ಇದಕ್ಕೆ ಹತ್ತಿರದ್ದು ಹುಡುಕಬೇಕು ಅಂದರೆ ಪ್ರತ್ಯಯಗಳ ಹತ್ತಿರ ಹೋಗಬೇಡಿ. ನಮ್ಮ ‘ಬಿಡು’, ‘ಹಾಕು’, ‘ಕೊಳ್ಳು’ ನೋಡಿ. ‘ತಿನ್ನು’ ಬೇರೆ, ‘ತಿಂದುಬಿಡು’ ಬೇರೆ. ಇಂಗ್ಲಿಷಿನಲ್ಲಿ ‘ಈಟ್’ ಮತ್ತು ‘ಈಟ್ ಅಪ್’. ‘ಬರೆ’ ಮತ್ತು ‘ಬರೆದುಕೋ’. ಅವರದ್ದು ‘ರೈಟ್’ ಮತ್ತು ‘ರೈಟ್ ಡೌನ್’. ‘ಈಟ್ ಅಪ್’ನಲ್ಲಿ ಯಾವುದೂ ಮೇಲಕ್ಕೆ ಹೋಗುವುದಿಲ್ಲ, ‘ತಿಂದುಬಿಡು’ವಿನಲ್ಲಿ ಯಾರೂ ಏನನ್ನೂ ಬಿಡುವುದಿಲ್ಲ. ಎರಡೂ ಕಡೆ ಹಳೆ ಅರ್ಥ ಸವೆದು, ‘ಪೂರ್ತಿ ಮುಗಿಸು’ ಅನ್ನುವ ರುಚಿ ಮಾತ್ರ ಉಳಿದಿದೆ. ಇದನ್ನು ಬೋರ್ಡಿನ ಮೇಲೆ ಬರೆದ ದಿನ ನನ್ನ ಹಿಂದಿನ ಬೆಂಚಿನ ಹುಡುಗರೂ ತಲೆ ಎತ್ತಿದ್ದರು.

ಒಂದೇ ವ್ಯತ್ಯಾಸ. ನಮ್ಮ ಜೋಡಿಯ ನಡುವೆ ‘ಅದನ್ನು’ ನುಗ್ಗುವುದಿಲ್ಲ. ‘ತಿಂದು ಅದನ್ನು ಬಿಡು’ ಅಂದರೆ ಅರ್ಥವೇ ಬೇರೆಯಾಯಿತು. ನಡುವೆ ನುಗ್ಗುವುದು ಒಂದು ಚಿಕ್ಕ ‘ಏ’ ಮಾತ್ರ: ‘ತಿಂದೇಬಿಟ್ಟ’. ಇಂಗ್ಲಿಷಿನ ಜೋಡಿ ಸಡಿಲ, ನಡುವೆ ಜಾಗ ಕೊಡುತ್ತದೆ. ‘ಟರ್ನ್ ಆಫ್ ದಿ ಮೆಷೀನ್’ ಸರಿ, ‘ಟರ್ನ್ ದಿ ಮೆಷೀನ್ ಆಫ್’ ಕೂಡ ಸರಿ. ಆದರೆ ‘ಇಟ್’, ‘ದೆಮ್’, ‘ಹಿಮ್’ ಥರದ ಪುಟ್ಟ ಪದ ಬಂದರೆ ನಡುವೆಯೇ ಕೂರಬೇಕು. ಯಾಕೆಂದರೆ ಇಂಗ್ಲಿಷಿಗೆ ಹೊಸ ವಿಷಯ, ತೂಕದ ವಿಷಯ ಕೊನೆಗೆ ಬಂದರೆ ಇಷ್ಟ. ‘ಇಟ್’ ಹೊಸದೂ ಅಲ್ಲ, ಅದಕ್ಕೆ ತೂಕವೂ ಇಲ್ಲ. ಹಿಂದಿನ ಸಾಲಿನಲ್ಲೇ ಬಂದು ಹೋದ ಮೆಷೀನು ಅದು. ತಿರುಗಾಮುರುಗಾ ಇನ್ನೊಂದು: ಹೆಸರು ಉದ್ದವಾಗಿದ್ದರೆ ನಡುವೆ ತುರುಕಬೇಡಿ. ‘ಟರ್ನ್ ದಿ ಸ್ಮಾಲ್ ಟ್ಯಾಪ್ ಬಿಹೈಂಡ್ ದಿ ಮೆಷೀನ್ ಆಫ್’ ಅಂತ ಬರೆದರೆ ತಪ್ಪಲ್ಲ, ಆದರೆ ಓದುವವನು ಆ ‘ಆಫ್’ಗೆ ಕಾದು ಕಾದು ಸುಸ್ತಾಗುತ್ತಾನೆ. ‘ಟರ್ನ್ ಆಫ್’ ಮೊದಲೇ ಹೇಳಿ, ಆಮೇಲೆ ನಲ್ಲಿ ಎಲ್ಲಿದೆ ಅಂತ ನಿಧಾನವಾಗಿ ಹೇಳಿ.

ಈಗ ಎರಡನ್ನೂ ಬೇರೆ ಮಾಡುವುದು ಹೇಗೆ? ಇಂಗ್ಲಿಷ್ ವ್ಯಾಕರಣದವರು ಬಹಳ ಕಾಲದಿಂದ ಬಳಸುವ ಒಂದು ಜೋಡಿ ಇದೆ. ‘ಹಿ ರ‍್ಯಾನ್ ಅಪ್ ಎ ಹಿಲ್’, ‘ಹಿ ರ‍್ಯಾನ್ ಅಪ್ ಎ ಬಿಲ್’. ಮೊದಲನೆಯದು ಗುಡ್ಡ ಹತ್ತಿ ಓಡಿದ. ಎರಡನೆಯದು ಅಂಗಡಿಯಲ್ಲಿ ಸಾಲ ಬೆಳೆಸಿದ. ಒಂದೇ ಒಂದು ಅಕ್ಷರದ ವ್ಯತ್ಯಾಸ. ‘ರ‍್ಯಾನ್ ಎ ಬಿಲ್ ಅಪ್’ ನಡೆಯುತ್ತದೆ. ‘ರ‍್ಯಾನ್ ಎ ಹಿಲ್ ಅಪ್’ ನಡೆಯುವುದಿಲ್ಲ. ಗುಡ್ಡದ ‘ಅಪ್’ ಗುಡ್ಡಕ್ಕೆ ಅಂಟಿಕೊಂಡಿದೆ, ಬಿಲ್ಲಿನ ‘ಅಪ್’ ಓಟಕ್ಕೆ ಅಂಟಿಕೊಂಡಿದೆ. ‘ಅಪ್ ವಿಚ್ ಹಿಲ್?’ ಅಂತ ಕೇಳಬಹುದು, ‘ಅಪ್ ವಿಚ್ ಬಿಲ್?’ ಅಂತ ಕೇಳಿದರೆ ನಗುತ್ತಾರೆ.

ಕಿವಿಯ ಪರೀಕ್ಷೆಯೂ ಇದೆ. ‘ಟರ್ನ್ ಇಟ್ ಆಫ್’ ಅನ್ನುವಾಗ ಭಾರ ‘ಆಫ್’ ಮೇಲೆ ಬೀಳುತ್ತದೆ. ‘ಲುಕ್ ಅಟ್ ಇಟ್’ ಅನ್ನುವಾಗ ಭಾರ ‘ಲುಕ್’ ಮೇಲೆ, ‘ಅಟ್’ ಅರ್ಧ ನುಂಗಿ ಹೋಗುತ್ತದೆ. ‘ಇಂಟು’ ಸ್ವಲ್ಪ ದೊಡ್ಡ ಪದ, ಅದರ ಮೇಲೂ ಒಮ್ಮೊಮ್ಮೆ ಭಾರ ಬೀಳುವುದುಂಟು. ಹಾಗಾಗಿ ಕಿವಿಯನ್ನೇ ಪೂರ್ತಿ ನಂಬಿ ಕೂರಬೇಡಿ. ಚಾಟಿನಲ್ಲಿ ಕಿವಿಗೆ ಕೆಲಸವೂ ಇಲ್ಲ. ನಿಮ್ಮ ಕೆಲಸಕ್ಕೆ ಸಾಕಾಗುವಷ್ಟು ಹೇಳುತ್ತೇನೆ. ‘ಅಟ್, ಫಾರ್, ಫ್ರಮ್, ಇಂಟು, ಆಫ್ಟರ್, ವಿತ್’ ಬಂದರೆ ಸಾಮಾನ್ಯವಾಗಿ ‘ಇಟ್’ ಹಿಂದೆ. ‘ಅವೇ’, ‘ಬ್ಯಾಕ್’ ಬಂದರೆ ಕಣ್ಣು ಮುಚ್ಚಿಕೊಂಡು ‘ಇಟ್’ ನಡುವೆ: ಸೆಂಡ್ ಇಟ್ ಬ್ಯಾಕ್, ಥ್ರೋ ಇಟ್ ಅವೇ. ತಲೆನೋವು ಇರುವುದು ಎರಡೂ ಮನೆಯಲ್ಲಿ ಉಣ್ಣುವ ‘ಆನ್, ಆಫ್, ಅಪ್, ಡೌನ್, ಓವರ್, ಥ್ರೂ’ ಇವುಗಳಲ್ಲಿ.

ಇದು ಬರೀ ವ್ಯಾಕರಣದ ಚೌಕಾಸಿ ಅಲ್ಲ ಅನ್ನುವುದಕ್ಕೆ ಒಂದು ಕಥೆ. ನನ್ನ ವಿದ್ಯಾರ್ಥಿಯೊಬ್ಬ ತನ್ನ ಸೋದರಮಾವನ ಬಗ್ಗೆ ಪ್ರಬಂಧ ಬರೆದಿದ್ದ. ಅಪ್ಪ ತೀರಿಹೋದ ಮೇಲೆ ಮಾವನೇ ಫೀಸು ಕಟ್ಟಿ ಓದಿಸಿದ್ದರು. ಡಿಕ್ಷನರಿ ನೋಡಿ, ಒಳ್ಳೆ ಪದ ಆರಿಸಿ, ಕೊನೆಯ ಸಾಲು ಬರೆದಿದ್ದ: ‘ಮೈ ಅಂಕಲ್ ಸಾ ಥ್ರೂ ಮಿ’. ಅವನು ಹೇಳಬೇಕಿದ್ದದ್ದು ‘ಸಾ ಮಿ ಥ್ರೂ’, ಕೈಬಿಡದೆ ದಡ ಸೇರಿಸಿದರು ಅಂತ. ಬರೆದದ್ದರ ಅರ್ಥ ‘ನನ್ನ ಮಾವ ನನ್ನ ಬಣ್ಣ ಏನು ಅಂತ ಕಂಡುಕೊಂಡರು’. ಪದ ಅವೇ. ‘ಮಿ’ ಒಂದು ಸೀಟು ಹಿಂದೆ ಕೂತಿತು, ಹುಡುಗ ಕಳ್ಳನಾದ! ನಾನು ಕೆಂಪು ಹಾಕಲಿಲ್ಲ. ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದೆ. ಅವನು ಅದನ್ನು ಯಾವತ್ತೂ ಮರೆತಿರಲಿಕ್ಕಿಲ್ಲ, ನಾನಂತೂ ಮರೆತಿಲ್ಲ.

ಹಾಗೇ ‘ಟರ್ನ್ ಆನ್’. ‘ಟರ್ನ್ಡ್ ಇಟ್ ಆನ್’ ಅಂದರೆ ಟಿವಿ. ‘ದಿ ಡಾಗ್ ಟರ್ನ್ಡ್ ಆನ್ ಹಿಮ್’ ಅಂದರೆ ನಾಯಿ ಅವನ ಮೇಲೇ ಎಗರಿತು.

ಎರಡನೇ ಪ್ರಶ್ನೆ, ‘ಗೆ’ಯದ್ದು. ನಾಳೆ ಬರೆಯುತ್ತೇನೆ. ಈಗ ಕೊಟ್ಟಿಗೆ ಕೆಲಸ ಇದೆ.

—

ಹಾಸನ–ಹ್ಯಾಂಬರ್ಗ್:

ಮೇಷ್ಟ್ರೇ, ತುಂಬಾ ಚೆನ್ನಾಗಿ ಹೇಳಿದಿರಿ. ನಾನು ಜರ್ಮನಿಯಲ್ಲಿ ನರ್ಸ್. ಇಲ್ಲಿಗೆ ಬರಲು ಭಾಷಾ ಪರೀಕ್ಷೆ ಕಟ್ಟುವಾಗ ಇದೇ ವಿಷಯಕ್ಕೆ ಅತ್ತಿದ್ದೇನೆ.

ಜರ್ಮನ್ನಿನಲ್ಲಿ ಫೋನ್ ಮಾಡುವುದಕ್ಕೆ ‘ಆನ್‌ರೂಫನ್’ ಅಂತಾರೆ. ಡಿಕ್ಷನರಿಯಲ್ಲಿ ಒಂದೇ ಪದ. ವಾಕ್ಯಕ್ಕೆ ಬಂದ ತಕ್ಷಣ ಎರಡು ತುಂಡು: ‘ಇಖ್ ರೂಫೆ ದಿಖ್ ಮೋರ್ಗನ್ ಆನ್’, ನಾಳೆ ನಿನಗೆ ಫೋನ್ ಮಾಡುತ್ತೇನೆ. ‘ಆನ್’ ಹೋಗಿ ವಾಕ್ಯದ ಕೊನೆಗೆ ಕೂರುತ್ತದೆ. ಲೈಟ್ ಆರಿಸು ಅನ್ನುವುದಕ್ಕೂ ‘ಮಾಖ್ ದಾಸ್ ಲಿಖ್ಟ್ ಔಸ್’ ಅಂತಲೇ. ‘ಔಸ್’ ಮುಂದಕ್ಕೆ ಬರುವ ಪ್ರಶ್ನೆಯೇ ಇಲ್ಲ. ಇಂಗ್ಲಿಷ್ ಇವರ ದಾಯಾದಿಯೇ ಅಲ್ವಾ, ಆ ಹಳೆ ಅಭ್ಯಾಸ ‘ಟರ್ನ್ ಇಟ್ ಆಫ್’ನಲ್ಲಿ ಕಾಣುತ್ತೆ.

ಖುಷಿಯ ಸಂಗತಿ ಏನಂದರೆ, ‘ಫೋನ್ ಮಾಡಿದರೆ’ ಅನ್ನುವ ಥರದ ವಾಕ್ಯದಲ್ಲಿ ಎರಡು ತುಂಡೂ ಮತ್ತೆ ಒಂದಾಗಿ ಕೊನೆಗೆ ಹೋಗುತ್ತವೆ. ‘ವೆನ್ ಇಖ್ ದಿಖ್ ಮೋರ್ಗನ್ ಆನ್‌ರೂಫೆ’. ಆ ‘ವೆನ್’ ಒಂದನ್ನು ಕೊನೆಯ ‘ದರೆ’ ಮಾಡಿಕೊಂಡರೆ ಉಳಿದದ್ದು ಪದಕ್ಕೆ ಪದ ನಮ್ಮದೇ: ನಾನು ನಿನಗೆ ನಾಳೆ ಫೋನ್ ಮಾಡಿದರೆ. ನನ್ನ ಜೊತೆಯ ಇಟಲಿಯ ಹುಡುಗಿಗೆ ಇದು ಬಾರದೆ ಒದ್ದಾಡುತ್ತಿದ್ದಳು. ನನಗೆ ಅದೊಂದು ಮಾತ್ರ ಸುಲಭ ಆಗಿತ್ತು.

—

ಸಾಗರದ ಮೇಷ್ಟ್ರು:

ಹ್ಯಾಂಬರ್ಗ್ ತಂಗಿ, ಇದು ನನಗೆ ಹೊಸದು. ಥ್ಯಾಂಕ್ಸ್ ಕಣಮ್ಮ.

ಈಗ ‘ಗೆ’. ತೆಂಗಿನಗರಿಯವರೇ, ಒಂದು ಕಾಲಕ್ಕೆ ಇಂಗ್ಲಿಷಿಗೂ ವಿಭಕ್ತಿ ಇತ್ತು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ‘ಹಿನೆ’ ಅಂದರೆ ಅವನನ್ನು, ‘ಹಿಮ್’ ಅಂದರೆ ಅವನಿಗೆ. ಆಗ ಅವರೂ ನಮ್ಮ ಹಾಗೆ ಪದಗಳನ್ನು ಅತ್ತಿತ್ತ ಸರಿಸಬಹುದಿತ್ತು, ಬಾಲ ನೋಡಿದರೆ ಯಾರು ಯಾರಿಗೆ ಅಂತ ತಿಳಿಯುತ್ತಿತ್ತು. ಕಾಲ ಕಳೆದಂತೆ ಬಾಲಗಳು ಉದುರಿದವು. ‘ಹಿನೆ’ ಹೋಯಿತು, ‘ಹಿಮ್’ ಎರಡೂ ಕೆಲಸ ನೋಡಿಕೊಂಡಿತು. ಬಾಲ ಹೋದ ಮೇಲೆ ಗುರುತು ಹಿಡಿಯಲು ಎರಡೇ ದಾರಿ: ಪದ ಕೂತ ಜಾಗ, ಇಲ್ಲವೇ ಮುಂದೊಂದು ‘ಟು’. ಅದಕ್ಕೇ ಅವರಿಗೆ ಜಾಗದ ಮೇಲೆ ಅಷ್ಟು ಜಗಳ. ನಮ್ಮ ‘ಗೆ’ ಗಟ್ಟಿಯಾಗಿ ಉಳಿದಿದೆ, ನಾವು ಎಲ್ಲಿ ಬೇಕಾದರೂ ಕೂರುತ್ತೇವೆ.

‘ಗಿವ್, ಟೆಲ್, ಸೆಂಡ್, ಶೋ, ಬ್ರಿಂಗ್’ ಇಂಗ್ಲಿಷಿನ ಮನೆಮಕ್ಕಳು. ಇವಕ್ಕೆ ಹಳೆ ಹಕ್ಕು ಉಳಿದಿದೆ. ‘ಟು’ ಇಲ್ಲದೆ ‘ಮಿ’ಯನ್ನು ಪಕ್ಕದಲ್ಲೇ ಕೂರಿಸಿಕೊಳ್ಳುತ್ತವೆ: ಟೆಲ್ ಮಿ, ಸೆಂಡ್ ಮಿ ದಿ ಬಿಲ್. ‘ಎಕ್ಸ್‌ಪ್ಲೇನ್, ಡಿಸ್ಕ್ರೈಬ್, ಸಜೆಸ್ಟ್’ ಲ್ಯಾಟಿನ್ನಿನಿಂದ, ಫ್ರೆಂಚಿನಿಂದ ಬಂದ ನೆಂಟರು. ಅವಕ್ಕೆ ‘ಟು’ ಬೇಕೇ ಬೇಕು, ಅದೂ ವಿಷಯ ಹೇಳಿ ಮುಗಿದ ಮೇಲೆ: ಎಕ್ಸ್‌ಪ್ಲೇನ್ ದಿ ಪ್ರಾಬ್ಲಂ ಟು ಮಿ. ಬೆಂಗಳೂರಿನಲ್ಲಿ ದಿನಕ್ಕೆ ನೂರು ಸಲ ಕೇಳುವ ‘ಸಜೆಸ್ಟ್ ಮಿ ಎ ಗುಡ್ ಹೋಟೆಲ್’ ಕೂಡ ಇದೇ ಎಡವಟ್ಟು. ಕನ್ನಡದ ‘ನನಗೆ’ಯೇ ಅಲ್ಲಿ ‘ಮಿ’ ವೇಷ ಹಾಕಿಕೊಂಡು ಬಂದಿರುತ್ತದೆ.

ಈ ಮನೆಮಗ, ನೆಂಟ ಅನ್ನುವ ಲೆಕ್ಕಕ್ಕೂ ಹೊರತಾದವು ಇವೆ. ‘ಪ್ರಾಮಿಸ್’ ನೆಂಟನೇ, ಆದರೂ ‘ಪ್ರಾಮಿಸ್ ಮಿ’ ನಡೆಯುತ್ತದೆ. ‘ಸೇ’ ಮನೆಮಗ, ಆದರೂ ‘ಸೇ ಮಿ’ ಅನ್ನುವಂತಿಲ್ಲ. ಅವೆರಡನ್ನು ಬಾಯಿಪಾಠವೇ ಮಾಡಿ. ಅಷ್ಟಕ್ಕೆ ನಾಲ್ಕು ಪುಟ ಬೇಡ.

ಇನ್ನೊಂದು ಸೂಕ್ಷ್ಮ. ‘ಐ ಸೆಂಟ್ ಮೈ ಮದರ್ ಎ ಪಾರ್ಸೆಲ್’ ಸರಿ. ‘ಐ ಸೆಂಟ್ ತಿಪಟೂರ್ ಎ ಪಾರ್ಸೆಲ್’ ಸರಿಯಲ್ಲ, ‘ಟು ತಿಪಟೂರ್’ ಅನ್ನಬೇಕು. ಅಮ್ಮ ಪಾರ್ಸೆಲ್ಲನ್ನು ಕೈಗೆ ತೆಗೆದುಕೊಳ್ಳುತ್ತಾಳೆ, ಊರು ತೆಗೆದುಕೊಳ್ಳುವುದಿಲ್ಲ. ನಮ್ಮ ‘ಗೆ’ಗೆ ಈ ಭೇದ ಇಲ್ಲ. ಅಮ್ಮನಿಗೂ ‘ಗೆ’, ತಿಪಟೂರಿಗೂ ‘ಗೆ’.

—

ಕೆಂಪುಶಾಯಿ:

ಮೇಷ್ಟ್ರೇ, ಒಂದು ಅನುಮಾನ. ಪ್ರಿಪೊಸಿಷನ್ ವಾಕ್ಯದ ಕೊನೆಗೆ ಬರಲೇಬಾರದು ಅಂತ ನಮಗೆ ಕಲಿಸಿದ್ದರು. ‘ವಾಟ್ ಆರ್ ಯು ಲುಕಿಂಗ್ ಅಟ್’ ಅಂದರೆ ತಪ್ಪಲ್ಲವೇ? ಬರೆದಿದ್ದಕ್ಕೆ ನಾನು ಏಟೂ ತಿಂದಿದ್ದೇನೆ.

—

ಸಾಗರದ ಮೇಷ್ಟ್ರು:

ಏಟು ವೇಸ್ಟು. ಆ ವಾಕ್ಯ ಸರಿಯಾಗಿದೆ. 1672ರಲ್ಲಿ ಜಾನ್ ಡ್ರೈಡನ್ ಅನ್ನುವ ಕವಿ, ತನಗಿಂತ ಹಿಂದಿನ ಬೆನ್ ಜಾನ್ಸನ್‌ನ ಒಂದು ಸಾಲು ‘ಫ್ರಮ್’ ಅಂತ ಮುಗಿಯುತ್ತದೆ ಅಂತ ತಕರಾರು ತೆಗೆದ. ಆಮೇಲೆ ವ್ಯಾಕರಣ ಬರೆದವರು ಅದನ್ನು ಹಿಡಿದುಕೊಂಡರು. ಅವರಿಂದ ಶಾಲೆಗೆ ಬಂತು, ಶಾಲೆಯಿಂದ ನಿಮ್ಮ ಕೈಗೆ ಏಟಾಗಿ ಬಂತು. ಇಂಗ್ಲಿಷ್ ಮಾತಾಡುವ ಜನ ಮಾತ್ರ ಮೊದಲಿಂದಲೂ ಕೊನೆಯಲ್ಲೇ ಇಡುತ್ತಾ ಬಂದಿದ್ದಾರೆ. ನಾನೂ ಮೊದಮೊದಲು ಇದಕ್ಕೆ ಮಾರ್ಕ್ಸ್ ಕಳೆದವನೇ, ಒಪ್ಪಿಕೊಳ್ಳುತ್ತೇನೆ.

—

ತೆಂಗಿನಗರಿ:

ಮೇಷ್ಟ್ರೇ, ಕೈ ಮುಗಿದೆ. ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ನೈಟ್ ಶಿಫ್ಟ್ ಇತ್ತು.

ಮಾನಿಟರ್ ಕೆಳಗೆ ಒಂದು ಹಳದಿ ಚೀಟಿ ಅಂಟಿಸಿದ್ದೇನೆ. ಎರಡೇ ಪದ: ಹಿಲ್, ಬಿಲ್. ಪಕ್ಕದ ಸೀಟಿನವನು ‘ಏನೋ ಇದು, ಹೊಸ ಗರ್ಲ್‌ಫ್ರೆಂಡಾ’ ಅಂದ. ವಿವರಿಸಿದೆ. ಈಗ ‘ಇಟ್’ ಬಂದಾಗೆಲ್ಲ ಅವನೇ ಕುರ್ಚಿ ತಿರುಗಿಸಿ ‘ಇದು ಹಿಲ್ಲಾ ಬಿಲ್ಲಾ?’ ಅಂತ ಕೇಳುತ್ತಾನೆ. ‘ಲುಕ್ ಆಫ್ಟರ್ ಇಟ್’ ಹಿಲ್ಲು. ‘ಸೆಟ್ ಇಟ್ ಅಪ್’ ಬಿಲ್ಲು. ನಿನ್ನೆ ‘ಗೆಟ್ ಓವರ್ ಇಟ್’ಗೆ ಇಬ್ಬರೂ ಐದು ನಿಮಿಷ ಕಿತ್ತಾಡಿದೆವು. ಕಸ್ಟಮರ್ ಕಾಯುತ್ತಿದ್ದ. ಹಿಲ್ಲು ಅಂತ ತೀರ್ಮಾನ ಮಾಡಿದ್ದೇವೆ, ಸರಿ ತಾನೇ?

ಈ ವಾರದ ಐದು ಚಾಟಿನಲ್ಲಿ ಈ ಜಾತಿಯ ತಪ್ಪು ಒಂದೂ ಇಲ್ಲ. ‘ಡಿಸ್ಕಸ್ ಅಬೌಟ್’ ಅಂತ ಬರೆದಿದ್ದಕ್ಕೆ ಮಾತ್ರ ಅರ್ಧ ಮಾರ್ಕು ಹೋಯಿತು.

ಆದರೆ ಈಗ ಹೊಸ ತೊಂದರೆ. ಇವತ್ತು ಬೆಳಿಗ್ಗೆ ಕ್ವಾಲಿಟಿಯವರಿಂದಲೇ ಎಲ್ಲರಿಗೂ ಒಂದು ಮೇಲ್ ಬಂತು. ಯಾವುದೋ ಫಾರ್ಮ್ ತುಂಬಬೇಕಂತೆ. ಕೊನೇ ಸಾಲು: ‘ಪ್ಲೀಸ್ ಫಿಲ್ ಔಟ್ ಇಟ್ ಅಂಡ್ ಎಕ್ಸ್‌ಪ್ಲೇನ್ ಮಿ ಇಫ್ ಎನಿ ಡೌಟ್’. ಒಂದೇ ಸಾಲಲ್ಲಿ ನನ್ನ ಎರಡೂ ತಪ್ಪು! ಹೇಳಲೋ ಬೇಡವೋ?

—

ಸಾಗರದ ಮೇಷ್ಟ್ರು:

‘ಗೆಟ್ ಓವರ್ ಇಟ್’ ಹಿಲ್ಲೇ. ಆ ಮೇಲಿನ ವಿಷಯ, ತಿಂಗಳ ಸ್ಕೋರು ಕೈಗೆ ಬಂದ ಮೇಲೆ ಹೇಳಿ.